ಪ್ಲೇಟುಗಳಿಗೆ ಸೀರೆಯ ಗವಸು

ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಹೀಗೆ ಸರ್ಕಾರ ಅವರನ್ನು ಊರಿಂದ ಊರಿಗೆ ಎತ್ತಿ ಹಾಕುತ್ತಿತ್ತು. ವರ್ಗದ ಹುಕುಂ ಬಂದ ದಿನ ಅಮ್ಮ ಪಾತ್ರೆಪಡಗ ಕಟ್ಟಲು ಶುರುಮಾಡಿದರೆ ಅಪ್ಪ ಪ್ಲೇಟಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಮಕ್ಕಳೆಲ್ಲ ಗಾಡಿ ಹತ್ತಿದವೋ ಇಲ್ಲವೋ ಎಂದು ಅವರು ಒಂದು ಸಲವಾದರೂ ನೋಡಿದ್ದು ನನಗೆ ನೆನಪಿಲ್ಲ. ಪ್ಲೇಟುಗಳನ್ನು ಮಾತ್ರ ಒಂದೊಂದಾಗಿ ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಇದನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಪ್ಲೇಟು ಎಂದರೆ ಗ್ರಾಮಫೋನ್ ಪ್ಲೇಟು. ನಾವು ಗೌರಿಬಿದನೂರಿನಲ್ಲಿದ್ದಾಗ ಹತ್ತಿರದ ಹಳ್ಳಿಯ ಒಬ್ಬ ಜಮೀನುದಾರರ ಮನೆಗೆ ರೇಡಿಯೊ ಬಂತು. ಬಂದದ್ದೇ ತಡ, ಕೀಲಿ ಕೊಟ್ಟು ತಿರುಗಿಸುವ ಅವರ ಹಳೆಯ ಗ್ರಾಮಫೋನು ಯಾರಿಗೂ ಬೇಡವಾಯಿತು. ಅಪ್ಪ ಅದನ್ನೂ ಅದರ ಜೊತೆಗಿದ್ದ ಪ್ಲೇಟುಗಳನ್ನೂ ಕೊಂಡು ಎತ್ತಿನ ಗಾಡಿಯಲ್ಲಿ ತಂದರು. ನಾಟಕದ ಹಾಡು, ದೇವರನಾಮ, ತೆಲುಗು ಪದ್ಯ, ನಾಗಸ್ವರ ಎಲ್ಲ ಇದ್ದವು. ಎಲ್ಲವೂ ಅರಗಿನ ಪ್ಲೇಟುಗಳು, ಕೈ ಜಾರಿದರೆ ಬಳೆಯ ಹಾಗೆ ಚೂರು ಚೂರು. ಆಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಅಪ್ಪ ಒಂದೋ ಎರಡೋ ಹೊಸದನ್ನು ತಂದು ಸೇರಿಸುತ್ತಿದ್ದರು. ಅವರಿಗೆ ಬೀಡಿ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಆದ್ದರಿಂದ ಅಮ್ಮ ಗೊಣಗುತ್ತಿದ್ದಳೇ ಹೊರತು ಜಗಳಕ್ಕೆ ಇಳಿಯುತ್ತಿರಲಿಲ್ಲ.

ಆ ಪ್ಲೇಟುಗಳ ಕಾಗದದ ಲಕೋಟೆಗಳು ಮೊದಲೇ ಹರಿದಿದ್ದವು. ಉಳಿದದ್ದನ್ನು ಆ ಮಳೆಗಾಲದಲ್ಲಿ ಜಿರಳೆ ತಿಂದಿತು. ಅಪ್ಪ ಹಳೆಯ ವೃತ್ತಪತ್ರಿಕೆಗಳನ್ನು ಮಡಿಸಿ, ಮೈದಾಹಿಟ್ಟಿನ ಅಂಟು ಕಾಯಿಸಿ, ಭಾನುವಾರವೆಲ್ಲ ಕೂತು ಹೊಸ ಲಕೋಟೆ ಮಾಡಿದರು. ಮುಂದಿನ ತಿಂಗಳು ನೋಡಿದರೆ ಅಂಟಿದ್ದ ಜಾಗದಲ್ಲೆಲ್ಲ ತೂತು, ಜಿರಳೆಗಳ ಸಂಸಾರ ಮೊದಲಿಗಿಂತ ದೊಡ್ಡದಾಗಿತ್ತು. ಇದನ್ನೆಲ್ಲ ಅಜ್ಜಿ ಗೋಡೆಗೊರಗಿ ಕೂತು ನೋಡುತ್ತಿದ್ದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ನಗರಗೆರೆಯಲ್ಲಿ ಹೊಲಮನೆ ನೋಡಿಕೊಂಡು ಇದ್ದವಳು. ಅಜ್ಜ ಹೋದ ಮೇಲೆ ಹೊಲವನ್ನು ಅದೇ ಊರಿಗೆ ಕೊಟ್ಟಿದ್ದ ಮಗಳ ಕೈಗೆ ಬಿಟ್ಟು ನಮ್ಮ ಜೊತೆ ಇರಲು ಬಂದಳು. ಆ ಮಗಳೇ ನನ್ನ ಸೋದರತ್ತೆ, ಅಪ್ಪನ ಅಕ್ಕ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಿದ್ದಳು. ಮಗ ತಂದ ಹಾಡುವ ಪ್ಲೇಟುಗಳನ್ನು ಕಂಡರೆ ಅವಳಿಗೆ ಮೊದಮೊದಲು ಅಷ್ಟಕ್ಕಷ್ಟೆ. ಆದರೆ ಮಗ ಜಿರಳೆಗೆ ಅಡುಗೆ ಮಾಡಿ ಬಡಿಸುತ್ತಿರುವುದನ್ನು ಅವಳಿಂದ ನೋಡುತ್ತಾ ಕೂರಲು ಆಗಲಿಲ್ಲ. ಒಂದು ಮಧ್ಯಾಹ್ನ ತನ್ನ ಹಳೆಯ ಸೀರೆಯೊಂದನ್ನು ತೆಗೆದು, ಪ್ಲೇಟನ್ನು ಅದರ ಮೇಲಿಟ್ಟು, ಇದ್ದಿಲಲ್ಲಿ ಗೆರೆ ಎಳೆದು ಕತ್ತರಿಸಿದಳು. ದಿಂಬಿಗೆ ಗವಸು ಹೊಲಿಯುವಂತೆ ಹೊಲಿದಳು.

ನೋಡಲು ಸುಲಭವಾಗಿ ಕಾಣುವ ಆ ಗವಸಿಗೆ ಅಜ್ಜಿಯ ಕಟ್ಟುನಿಟ್ಟುಗಳು ಬಹಳ ಇದ್ದವು. ಬಟ್ಟೆ ನೂಲಿನದೇ ಆಗಬೇಕು, ಉಟ್ಟು ಒಗೆದು ಮೆತ್ತಗಾಗಿರಬೇಕು. ಹೊಸ ಬಟ್ಟೆ ಎಷ್ಟೇ ನಯವಾಗಿ ಕಂಡರೂ ಒಳಗೆ ಒರಟು, ಪ್ಲೇಟನ್ನು ಗೀರುತ್ತದೆ. ಗಂಜಿ ಸುತರಾಂ ಕೂಡದು, ಗಂಜಿ ಎಂದರೆ ಮತ್ತೆ ಜಿರಳೆ. ಹೊಲಿಗೆಯ ಅಂಚು ಹೊರಗಡೆಗೆ ಬರಬೇಕು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿ ಇಡಬಾರದು, ಪುಸ್ತಕದ ಹಾಗೆ ನಿಲ್ಲಿಸಬೇಕು. ಈ ಕೊನೆಯದು ಅಪ್ಪನ ನಿಯಮ. ಅದಕ್ಕಾಗಿ ಬಡಗಿಯಿಂದ ಒಂದು ಮಾವಿನ ಹಲಗೆಯ ಪೆಟ್ಟಿಗೆ ಮಾಡಿಸಿದರು. ಒಳಗೆ ಅಡ್ಡಹಲಗೆಗಳು, ಕೆಳಗೆ ಗಿಡ್ಡ ಕಾಲುಗಳು.

ಅಜ್ಜಿಯ ಸೀರೆಗಳು ಒಂದೊಂದಾಗಿ ಆ ಪೆಟ್ಟಿಗೆ ಸೇರಿದವು. ಒಂದು ಸೀರೆಗೆ ಹತ್ತಾರು ಗವಸು ಬರುತ್ತಿದ್ದರೂ ಅವಳು ಒಂದೇ ಬಣ್ಣದಲ್ಲಿ ಅಷ್ಟೂ ಹೊಲಿಯುತ್ತಿರಲಿಲ್ಲ. ಸೆರಗಿನದೊಂದು, ಅಂಚಿನದೊಂದು, ಒಡಲಿನದೊಂದು ಎಂದು ಬೇರೆ ಬೇರೆ ಮಾಡುತ್ತಿದ್ದಳು. ಯಾಕೆಂದರೆ ಅವಳಿಗೆ ಪ್ಲೇಟಿನ ಮೇಲಿನ ಅಕ್ಷರ ಓದಲು ಬರುತ್ತಿರಲಿಲ್ಲ, ಸೀರೆ ನೋಡಿಯೇ ಹಾಡು ಗೊತ್ತಾಗಬೇಕು. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಕರೆದು, ಎರ್ರಂಚು ತಗಂಬಾ ಎನ್ನುತ್ತಿದ್ದಳು. ಎಂದರೆ ಕೆಂಪು ಅಂಚಿನದು. ಅದರೊಳಗೆ ನಾಗಸ್ವರ. ಕಪ್ಪು ಚೌಕಳಿಯಲ್ಲಿ ತೆಲುಗು ಪದ್ಯ. ಹುಣಿಸೆಬೀಜದ ಬಣ್ಣದ್ದರಲ್ಲಿ ಒಂದು ತೊಟ್ಟಿಲ ಹಾಡು. ಕ್ರಮೇಣ ಅಪ್ಪನೂ ಹಾಗೇ ಕೇಳತೊಡಗಿದರು. ಹಾಡಿದವರ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎರ್ರಂಚು ಅಜ್ಜಿ ಮಗಳ ಮದುವೆಯಲ್ಲಿ ಉಟ್ಟದ್ದು, ಹುಣಿಸೆಬೀಜದ ಬಣ್ಣದ್ದು ಅಪ್ಪ ಹೊಟ್ಟೆಯಲ್ಲಿದ್ದಾಗ ಕಳೆ ಕೀಳಲು ಉಡುತ್ತಿದ್ದದ್ದು ಎಂಬುದು ಮಾತ್ರ ನಮಗೆಲ್ಲ ಬಾಯಿಪಾಠವಾಗಿತ್ತು. ಅಮ್ಮನ ಹಳೆಯ ಸೀರೆಗಳು ಈ ಲೆಕ್ಕಕ್ಕೆ ಬರಲೇ ಇಲ್ಲ. ಅವನ್ನು ಅವಳು ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆಂದು ಗಂಟು ಕಟ್ಟಿಟ್ಟಿರುತ್ತಿದ್ದಳು.

ಚಿಂತಾಮಣಿಯಲ್ಲಿದ್ದಾಗ ಮನೆಗೆ ಕರೆಂಟು ಬಂತು. ಅಪ್ಪ ರೇಡಿಯೊ ತಂದು, ಅದಕ್ಕೆ ಸಿಕ್ಕಿಸಿ ಕೇಳುವ ಪ್ಲೇಯರನ್ನೂ ತಂದರು. ಅದರ ಜೊತೆಗೆ ದೊಡ್ಡ ತಟ್ಟೆಯಷ್ಟಿದ್ದ ಒಂದು ಎಲ್.ಪಿ. ಪ್ಲೇಟು. ಇದು ಅರಗಿನದಲ್ಲ, ಒಡೆಯುವ ಮಾತೇ ಇಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಒಡೆಯುವುದಿಲ್ಲ ಎಂದ ಮೇಲೆ ಅದಕ್ಕೇನು ಉಪಚಾರ ಎಂದು ಅಪ್ಪ ಶಿಡ್ಲಘಟ್ಟಕ್ಕೆ ವರ್ಗವಾದಾಗ ಅದನ್ನು ಲಾರಿಯ ಮೇಲೆ ಹಾಸಿಗೆ ಸುರುಳಿಯ ನೆತ್ತಿಗೆ ಸಿಕ್ಕಿಸಿಬಿಟ್ಟರು. ಬೇಸಿಗೆಯ ಬಿಸಿಲು. ಇಳಿಸಿ ನೋಡಿದರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಲೆ ಅಲೆಯಾಗಿತ್ತು. ಅಜ್ಜಿ ಅದನ್ನು ಎರಡು ಮಣೆಗಳ ನಡುವೆ ಇಟ್ಟು, ಮೇಲೆ ರುಬ್ಬುಗುಂಡು ಹೇರಿ ವಾರಗಟ್ಟಲೆ ಕಾದಳು. ಸ್ವಲ್ಪ ತಗ್ಗಿತೇ ಹೊರತು ಹಾಡುವಾಗ ಮುಳ್ಳು ಮೇಲೆ ಕೆಳಗೆ ತೂಗುವುದು ನಿಲ್ಲಲಿಲ್ಲ. ಮುರಿಯದವರಿಗೂ ನೆರಳು ಬೇಕು ಕಣೋ ಎಂದು ಅಜ್ಜಿ ಅಪ್ಪನನ್ನು ಬಹಳ ದಿನ ಅಣಕಿಸಿದಳು. ಆಮೇಲೆ ಅದಕ್ಕೂ ಒಂದು ದೊಡ್ಡ ಗವಸಾಯಿತು.

ಶಿಡ್ಲಘಟ್ಟದ ಬಾಡಿಗೆ ಮನೆಯ ಆ ಕಡೆಯ ಅಂಕಣದಲ್ಲಿ ಮನೆಯ ಒಡತಿ ರೇಷ್ಮೆಹುಳು ಸಾಕುತ್ತಿದ್ದಳು. ಹುಳುಗಳಿಗೆ ಘಾಟು ಆಗದು. ಅಪ್ಪ ಪೆಟ್ಟಿಗೆಗೆ ಹಾಕಲು ತಂದಿದ್ದ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ಒಡತಿ ಓಡಿಬಂದು, ಇದನ್ನು ಈಗಲೇ ಬೀದಿಗೆ ಎಸೆಯದಿದ್ದರೆ ಮನೆ ಖಾಲಿ ಮಾಡಿ ಎಂದಳು. ಆದರೆ ಇರುವೆ ಹತ್ತದಂತೆ ಹುಳುವಿನ ತಟ್ಟೆಯ ಸ್ಟ್ಯಾಂಡುಗಳ ಕಾಲನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಉಪಾಯವನ್ನು ಅವಳೇ ನಮಗೆ ಕಲಿಸಿದಳು. ಪೆಟ್ಟಿಗೆಯ ನಾಲ್ಕು ಕಾಲಿಗೂ ಬಟ್ಟಲು ಬಂತು. ಗೆದ್ದಲಿನ ಭಯವೂ ತಪ್ಪಿತು. ಬಟ್ಟಲಿಗೆ ನೀರು ತುಂಬುವ ಕೆಲಸ ನನ್ನ ತಲೆಗೆ ಬಂತು.

ಆ ಮನೆಯಲ್ಲೇ ಅಜ್ಜಿ ತೀರಿಕೊಂಡಳು. ಊಟ ಮಾಡಿ ಮಲಗಿದವಳು ಕಾಫಿಗೆ ಏಳಲಿಲ್ಲ, ಅಷ್ಟೇ. ನನಗೆ ಆಗ ಹದಿಮೂರೋ ಹದಿನಾಲ್ಕೋ. ನಗರಗೆರೆಯಿಂದ ಅತ್ತೆ ಬಂದಳು. ತಾಯಿಯ ಕಾಲ ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು ಎಲ್ಲ ಕೆಲಸವನ್ನೂ ಕೈಗೆ ತೆಗೆದುಕೊಂಡಳು. ಅತ್ತೆ ಅಂಥವಳೇ. ಹಿಂದಿನಿಂದ ನಡೆದುಬಂದದ್ದರಲ್ಲಿ ಒಂದೆಳೆಯೂ ತಪ್ಪುವಂತಿಲ್ಲ. ಯಾರಾದರೂ ಅಡ್ಡಮಾತು ಆಡಿದರೆ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ತಿಥಿಯ ಹಿಂದಿನ ದಿನ ಅತ್ತೆ ಅಜ್ಜಿಯ ಸೀರೆ, ಕುಪ್ಪಸ, ಹೊದಿಕೆ, ಕೊನೆಗೆ ತಲೆದಿಂಬನ್ನೂ ಗಂಟು ಕಟ್ಟಿ ಮಡಿವಾಳರ ಹೆಂಗಸಿಗೆ ಕೊಡಲು ಜಗಲಿಯ ಮೇಲಿಟ್ಟಳು. ಒಳಗೆ ಇನ್ನೇನಾದರೂ ಉಳಿದಿದೆಯೇ ಎಂದು ಹುಡುಕುತ್ತಾ ಬಂದವಳು ಪ್ಲೇಟಿನ ಪೆಟ್ಟಿಗೆಯ ಮುಂದೆ ನಿಂತಳು. ಮುಚ್ಚಳ ಎತ್ತಿದಳು. ಅವಳ ಮದುವೆಯ ಎರ್ರಂಚು ಎದುರಿಗೇ ಇತ್ತು.

ಇವೂ ಅಮ್ಮನವೇ ತಾನೆ ಎಂದು ಅಪ್ಪನನ್ನು ಕೇಳಿದಳು. ಅಪ್ಪ ತಲೆ ಬೋಳಿಸಿಕೊಂಡು ಕಂಬಕ್ಕೆ ಒರಗಿ ಕೂತಿದ್ದರು. ಅವು ಸೀರೆಯಲ್ಲ, ಗವಸು ಎಂದರು. ಅಮ್ಮ ಬದುಕಿದ್ದಾಗ ತಾನೇ ಕತ್ತರಿಸಿ ಕೊಟ್ಟದ್ದು, ಉಟ್ಟು ಬಿಟ್ಟು ಹೋದದ್ದಲ್ಲ ಎಂದರು. ಕಚೇರಿಯಲ್ಲಿ ದಿನಾ ಇಂಥ ವಾದಗಳನ್ನು ಕೇಳಿ ಬರುತ್ತಿದ್ದವರು, ಚೆನ್ನಾಗಿಯೇ ಹೇಳಿದರು. ಅವರು ಮುಗಿಸಿದ ಮೇಲೆ ಅತ್ತೆ ಅಜ್ಜನ ಕಂಬಳಿಯ ವಿಷಯ ಎತ್ತಿದಳು. ಅಜ್ಜ ಸತ್ತಾಗ ಅವರ ಕಂಬಳಿ ಹೊಸದಾಗಿತ್ತೆಂದು ಅಜ್ಜಿ ಅದನ್ನು ಇಟ್ಟುಕೊಂಡಿದ್ದಳಂತೆ. ಆಮೇಲೆ ಅಜ್ಜಿಯ ಕನಸಿನಲ್ಲೆಲ್ಲ ಅಜ್ಜ ಹೊಸ್ತಿಲಾಚೆ ನಿಂತಿರುತ್ತಿದ್ದರಂತೆ, ಒಳಗೂ ಬರದೆ, ಹೊರಗೂ ಹೋಗದೆ. ಕಂಬಳಿ ಕೊಟ್ಟುಬಿಟ್ಟ ಮೇಲೆ ಕನಸು ನಿಂತಿತಂತೆ. ತನ್ನದನ್ನು ಏನೂ ಇಟ್ಟುಕೊಳ್ಳಬೇಡಿ ಎಂದು ಅಜ್ಜಿ ಆಗಲೇ ಮಗಳಿಗೆ ಹೇಳಿದ್ದಳಂತೆ.

"ಬರ್ಲಿ ಬಿಡಕ್ಕ," ಅಂದರು ಅಪ್ಪ. "ಅಮ್ಮ ಬಂದ್ರೆ ನನಗೇನು ಭಯವಾ? ಬಂದು ಕೂತ್ಕಳ್ಳಲಿ."

"ನಿನಗೆ ಭಯ ಇಲ್ಲ ಕಣಪ್ಪ," ಅಂದಳು ಅತ್ತೆ. "ಆದ್ರೆ ಬಾಗಿಲಲ್ಲಿ ನಿಂತ್ಕಳ್ಳೋಳು ಅವಳಲ್ವಾ?"

ಅಪ್ಪ ಎದ್ದು ಬಂದು ಪೆಟ್ಟಿಗೆಯ ಮುಂದೆ ಕೂತರು. ಅತ್ತೆ ಕೈ ಚಾಚಿದಳು, ಅವರು ಬೇಡವೆಂದು ಸನ್ನೆ ಮಾಡಿದರು. ಒಂದೊಂದೇ ಗವಸನ್ನು ತಾವೇ ತೆಗೆದು, ಮಡಿಸಿ, ಪಕ್ಕಕ್ಕಿಟ್ಟರು. ಹುಣಿಸೆಬೀಜದ ಬಣ್ಣದ್ದನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ನಮ್ಮಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಾವಿನ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಇಷ್ಟು ಅಷ್ಟಲ್ಲ. ಅವಳು ಊರಿಗೆ ಹೊರಟಾಗ ನಾನು ಹಿತ್ತಲಿಗೆ ಹೋಗಿ ನಿಂತುಕೊಂಡೆ.

ಮಡಿವಾಳರ ಹೆಂಗಸು ಗಂಟು ಬಿಚ್ಚಿ, ಚೌಕ ಚೌಕವಾದ ಆ ಚೀಲಗಳನ್ನು ತಿರುಗಿಸಿ ನೋಡಿ, ಇವನ್ನು ಇಟ್ಟುಕೊಂಡು ನಾನೇನು ಮಾಡಲಿ ತಾಯಿ ಎಂದು ಅಮ್ಮನನ್ನು ಕೇಳಿದಳು.

ಬರಿಮೈಯಾದ ಪ್ಲೇಟುಗಳು ಹಾಗೆಯೇ ಪೆಟ್ಟಿಗೆಗೆ ಹೋದವು. ಅಮ್ಮ ಪಾತ್ರೆಯವಳಿಗೆಂದು ಇಟ್ಟಿದ್ದ ಗಂಟನ್ನೇ ತಂದು ಅಪ್ಪನ ಮುಂದಿಟ್ಟು, ಇವು ಮೆತ್ತಗಿವೆ, ನಾನೇ ಹೊಲಿಯುತ್ತೇನೆ ಎಂದಳು. ಅಮ್ಮನ ಮಟ್ಟಿಗೆ ಅದು ಸಣ್ಣ ಮಾತಲ್ಲ. ಅಪ್ಪ ಇರಲಿ ಬಿಡು ಎಂದರು. ಇರಲಿ ಬಿಡು ಎಂಬುದೇ ಆ ವರ್ಷವೆಲ್ಲ ಅವರ ಮಾತಾಯಿತು. ಪ್ಲೇಯರಿನ ಮೇಲೆ ಕಚೇರಿಯ ಚೀಲ ಇಡತೊಡಗಿದರು. ಪೆಟ್ಟಿಗೆಯನ್ನು ಕಸ ಗುಡಿಸಲು ಸ್ವಲ್ಪ ಸರಿಸಿದರೂ ಒಳಗೆ ಪ್ಲೇಟಿಗೆ ಪ್ಲೇಟು ಉಜ್ಜಿ ಕರಕರ ಅನ್ನುತ್ತಿತ್ತು. ಕೇಳಿಸಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಬಟ್ಟಲಿಗೆ ನೀರು ತುಂಬಿದೆಯಾ ಎಂದು ನನ್ನನ್ನು ಗದರುವುದನ್ನೂ ಬಿಟ್ಟರು. ಗದರಿಸಿಕೊಳ್ಳದೆ ನೀರು ತುಂಬುವುದು ನನಗೆ ಬೇಜಾರಾಗುತ್ತಿತ್ತು.

ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಲಾರಿ ಬಂತು. ಅಪ್ಪ ಪೆಟ್ಟಿಗೆಯ ಮುಂದೆ ಕೂರಲಿಲ್ಲ, ಎಣಿಸಲಿಲ್ಲ. ಇದನ್ನು ಎಲ್ಲಿಡಲಿ ಸ್ವಾಮಿ ಎಂದು ಕೂಲಿಯವನು ಕೇಳಿದಾಗ, ಎಲ್ಲಾದರೂ ಹಾಕಪ್ಪ ಎಂದರು. ಅಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಆ ಪೆಟ್ಟಿಗೆಗೆ ಶಾಪ ಹಾಕುತ್ತಿದ್ದವಳು ಅವಳೇ. ಮನುಷ್ಯ ಎಲ್ಲಾದರೂ ಹಾಕು ಎನ್ನತೊಡಗಿದರೆ ಅವನನ್ನು ಹಿಡಿದಿಡುವುದು ಹೇಗೆ ಎಂದು ನನ್ನನ್ನು ಕೇಳಿದಳು. ನನಗೂ ಆಗ ಹೆದರಿಕೆಯಾಯಿತು. ಪ್ಲೇಟು ಹಾಳಾದರೆ ಹಾಳಾಗಲಿ, ಅಪ್ಪ ಮತ್ತೆ ಎಣಿಸುವ ಹಾಗಾದರೆ ಸಾಕು ಎನ್ನಿಸಿತ್ತು.

ಈ ನಡುವೆ ನಗರಗೆರೆ ಕಡೆಯಿಂದ ಬಂದ ನೆಂಟರೊಬ್ಬರು ನಗುತ್ತಾ ಒಂದು ಸುದ್ದಿ ಹೇಳಿದರು. ಅತ್ತೆ ಹಬ್ಬಕ್ಕೆ ಉಡುವ ಸೀರೆ ಉಟ್ಟುಕೊಂಡು ಕಡಲೆಕಾಯಿ ಹೊಲಕ್ಕೆ ಹೋಗುತ್ತಿದ್ದಾಳಂತೆ. ಒಂದು ದಿನವಲ್ಲ, ದಿನಾ. ದೊಡ್ಡಬಳ್ಳಾಪುರದ ಒಳ್ಳೆಯ ನೂಲಿನ ಸೀರೆಗಳು, ಪೆಟ್ಟಿಗೆಯಲ್ಲಿ ಮಡಿಕೆ ಮುರಿಯದೆ ಇದ್ದವು, ಕೆಸರಲ್ಲಿ ಎಳೆದಾಡಿಕೊಂಡು ಕಳೆ ಕೀಳುತ್ತಿದ್ದಾಳಂತೆ. ಕೂಲಿ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಾರಂತೆ. ಗಂಡ ಕೇಳಿದರೆ ನನ್ನಿಷ್ಟ ಎಂದಳಂತೆ. ಅಮ್ಮ ಗ್ರಹಚಾರ ಎಂದಳು. ತಾಯಿ ಹೋದ ದುಃಖ ತಲೆಗೇರಿದೆ ಎಂದು ನೆಂಟರು ತೀರ್ಪು ಕೊಟ್ಟರು. ನಾನಂತೂ, ಆಗಲಿ, ಚೆನ್ನಾಗಿ ಆಗಲಿ ಎಂದುಕೊಂಡೆ. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ.

ಅಜ್ಜಿಯ ವರ್ಷದ ತಿಥಿಗೆ ಅತ್ತೆ ಚಿಕ್ಕಬಳ್ಳಾಪುರಕ್ಕೆ ಬಂದಳು. ಬಸ್ಸಿನಿಂದ ಇಳಿದು ಬರುವಾಗ ಕಂಕುಳಲ್ಲಿ ಒಂದು ಗಂಟು. ಎಡೆ ಇಟ್ಟು, ನೆಂಟರಿಗೆಲ್ಲ ಬಡಿಸಿ, ಕೊನೆಯ ಪಂಕ್ತಿಯಲ್ಲಿ ತಾನೂ ಉಂಡು, ಎಲೆ ಎತ್ತಿ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಳು. ಆಮೇಲೆ ಯಾರನ್ನೂ ಕೇಳದೆ ಪ್ಲೇಟಿನ ಪೆಟ್ಟಿಗೆಯನ್ನು ನಡುಮನೆಗೆ ಎಳೆದು, ಮುಚ್ಚಳ ತೆಗೆದು, ಗಂಟು ಬಿಚ್ಚಿದಳು. ಒಳಗೆ ಗವಸುಗಳಿದ್ದವು. ಹಸಿರು, ಕುಂಕುಮದ ಬಣ್ಣ, ಮಾವಿನ ಚಿಗುರಿನ ಬಣ್ಣ, ಎಲ್ಲ ಮಾಸಿ ಮಾಸಿ ಅರ್ಧಕ್ಕರ್ಧ ಬಿಳುಪಾಗಿದ್ದವು. ಹೊಲಿಗೆಯ ಅಂಚು ಹೊರಗಡೆಗೆ ಇತ್ತು. ಗಂಜಿಯ ವಾಸನೆ ಇರಲಿಲ್ಲ.

ಒಂದು ಮೆತ್ತನೆಯ ಚೂರಿನಿಂದ ಪ್ಲೇಟಿನ ಧೂಳನ್ನು ಸುತ್ತಲೂ ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಗವಸಿಗೆ ಹಾಕುವುದು. ಅತ್ತೆ ಇದನ್ನೇ ಮಾಡುತ್ತಾ ಹೋದಳು. ಗೀರು ಬಿದ್ದಿದ್ದವನ್ನು ನೋಡಿ ಲೊಚಗುಟ್ಟಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈ ಸಲವೂ ಇರಲಿ ಬಿಡು ಎನ್ನುತ್ತಾರೇನೋ ಎಂದುಕೊಂಡೆ. ಅಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿದ್ದಳು.

ಅತ್ತೆಯೇ ಮಾತು ತೆಗೆದಳು. ಹೊಸ ಬಟ್ಟೆ ಗೀರುತ್ತದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ ಎಂದಳು. ನನ್ನ ಹಳೆಯ ಸೀರೆಗಳನ್ನೆಲ್ಲ ಕೂಲಿಯವರಿಗೆ ಕೊಟ್ಟಾಗಿತ್ತು, ಮನೆಯಲ್ಲಿ ಇದ್ದದ್ದು ಒಳ್ಳೆಯವು ಮಾತ್ರ, ಅದಕ್ಕೇ ಉಟ್ಟು ಉಟ್ಟು, ಕಲ್ಲಿಗೆ ಹೊಡೆದು ಹೊಡೆದು ಹಳೆಯದು ಮಾಡಿದೆ, ಒಂದು ವರ್ಷ ಹಿಡಿಯಿತು ಎಂದಳು. ಹಾಲು ಕಾಯಿಸಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಆಮೇಲೆ ಅಪ್ಪನ ಮುಖ ನೋಡಿದಳು.

"ಬದುಕಿರೋಳ ಸೀರೆ ಕಣಪ್ಪ. ಇದಕ್ಕೇನೂ ದೋಷ ಇಲ್ಲ. ಇಟ್ಕೋ."

ಅಪ್ಪ ಬಂದು ಅವಳ ಪಕ್ಕ ಕೂತರು. ಒಂದು ಗವಸನ್ನು ಕೈಗೆ ತೆಗೆದುಕೊಂಡು ಒಳಗೆ ಬೆರಳಾಡಿಸಿ ನೋಡಿದರು. "ನೀನು ಹೋದ್ಮೇಲೆ ಏನ್ಮಾಡ್ಲಿ ಅಕ್ಕ?" ಅಂದರು. "ಮತ್ತೆ ಬಿಚ್ಚಬೇಕಾ?"

"ಬಿಚ್ಚಬೇಕು. ಇನ್ನೇನು, ನಾನೂ ಬಾಗಿಲಲ್ಲಿ ನಿಂತ್ಕಳ್ಳಾ?" ಎಂದ ಅತ್ತೆ ನನ್ನ ಕಡೆ ತಿರುಗಿದಳು. ನಾನಿನ್ನೂ ಲಂಗ ಹಾಕುತ್ತಿದ್ದೆ. "ಅಷ್ಟೊತ್ತಿಗೆ ಇವಳು ಸೀರೆ ಉಡ್ತಿರ್ತಾಳೆ. ಇವಳ್ದು ಹಾಕು."

ಅಪ್ಪ ನಕ್ಕರು. ಅಳುತ್ತಲೇ ನಕ್ಕರು. ಆಮೇಲೆ ಪ್ಲೇಟುಗಳನ್ನು ಎಣಿಸಿದರು, ಎರಡು ಸಲ. ನನಗೆ ಅತ್ತೆಯ ಮೇಲಿದ್ದ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಆ ಸಂಜೆ ಅವಳಿಗೆ ಎರಡು ಸಲ ಕಾಫಿ ಮಾಡಿಕೊಟ್ಟೆ. ಕಾಫಿ ಕಲಗಚ್ಚಿನ ಹಾಗಿದೆ ಎಂದು ಬೈಸಿಕೊಂಡೆ. ಪ್ಲೇಯರಿನ ಮೇಲಿದ್ದ ಕಚೇರಿಯ ಚೀಲ ಗೂಟಕ್ಕೆ ಹೋಯಿತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಚಿಂತಾಮಣಿಯಲ್ಲಿದ್ದೆ. ನಗರಗೆರೆಯ ಅತ್ತೆ ಮೈಯಲ್ಲಿ ನೀರು ತುಂಬಿಕೊಂಡು ಹಾಸಿಗೆ ಹಿಡಿದಳು, ಡಾಕ್ಟರು ಕೈ ಚೆಲ್ಲಿದರು ಎಂದು ಅಪ್ಪ ಬಂದು ಹೇಳಿ ಹೋದರು. ಅವತ್ತಿನಿಂದ ನನ್ನ ಮದುವೆಗೆ ಕೊಟ್ಟಿದ್ದ ನೂಲಿನ ಸೀರೆಗಳನ್ನು ತೆಗೆದು ಮನೆಕೆಲಸಕ್ಕೆ ಉಡತೊಡಗಿದೆ. ಪಾತ್ರೆ ಬೆಳಗಲು, ಸಗಣಿ ಬಳಿಯಲು, ನೀರು ಸೇದಲು ಅದೇ ಸೀರೆ. ನನ್ನ ಅತ್ತೆಮಾವಂದಿರು ಇವಳಿಗೆ ಸೊಕ್ಕು ಎಂದರು. ನಾನು ಯಾರಿಗೂ ಕಾರಣ ಹೇಳಲಿಲ್ಲ. ಬಾಯಿ ಬಿಟ್ಟು ಹೇಳುವಂಥ ಕಾರಣವೂ ಅದಾಗಿರಲಿಲ್ಲ. ಕಲ್ಲಿನ ಮೇಲೆ ಒಗೆಯುವಾಗ ಮಾತ್ರ ಅಳು ಬರುತ್ತಿತ್ತು. ಒಂದೊಂದು ಏಟಿಗೂ ಸೋದರತ್ತೆಯನ್ನು ನಾನೇ ಬೇಗ ಕಳಿಸುತ್ತಿದ್ದೇನೆ ಎನ್ನಿಸುತ್ತಿತ್ತು.

ಕೆಲವು ತಿಂಗಳ ಮೇಲೆ ಅವಳನ್ನು ನೋಡಲು ನಗರಗೆರೆಗೆ ಹೋದೆ. ಅದೇ ಸೀರೆಗಳಲ್ಲೊಂದನ್ನು ಉಟ್ಟಿದ್ದೆ. ಹಾಸಿಗೆಯ ಪಕ್ಕ ಕೂತೆ. ಅತ್ತೆ ನನ್ನ ಸೊಸೆತನದ ಬಗ್ಗೆ, ಅಪ್ಪನ ಕೆಮ್ಮಿನ ಬಗ್ಗೆ ಕೇಳಿದಳು. ಕೇಳುತ್ತಾ ಕೇಳುತ್ತಾ ನನ್ನ ಸೆರಗನ್ನು ಎಳೆದುಕೊಂಡು ಎರಡು ಬೆರಳ ನಡುವೆ ಉಜ್ಜಿದಳು. ಅವಳು ಬಟ್ಟೆಯನ್ನೇ ನೋಡಿದಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ.

"ಇನ್ನೂ ಒರಟೈತೆ ಕಣಮ್ಮ," ಅಂದಳು. "ಇನ್ನೊಂದಷ್ಟು ದಿನ ಇರ್ತೀನಿ ಬಿಡು."